ಲೆಕ್ಕ ಬರೆದವಳು, ಪದ ಹೇಳಿದವಳು



ತಿಪಟೂರು, ತುರುವೇಕೆರೆ ಕಡೆಯ ನಮ್ಮ ತೆಂಗಿನ ಸೀಮೆಗೆ ಸಾಂಕ್ರಾಮಿಕ ರೋಗ ಹೊಕ್ಕಾಗ ಇಲ್ಲಿನ ಹೆಂಗಸರು ಏನು ಬರೆದರು, ಏನು ಹಾಡಿದರು, ಅದರಲ್ಲಿ ಎಷ್ಟು ಉಳಿಯಿತು ಎಂಬುದು ಈ ಹೊತ್ತಿನ ನನ್ನ ಮಾತು. ಶುರುಮಾಡುವುದಕ್ಕೆ ನಂಜಮ್ಮನಿಗಿಂತ ಹತ್ತಿರದವರು ನನಗೆ ಯಾರೂ ಕಾಣಲಿಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ, ಅದನ್ನೇ ಗಿರೀಶ ಕಾಸರವಳ್ಳಿಯವರು ಧಾರಾವಾಹಿ ಮಾಡಿದಾಗ ನೋಡಿದವರಿಗೆ ನಂಜಮ್ಮ ಗೊತ್ತು. ಶ್ಯಾನುಭೋಗಿಕೆ ಅವಳ ಗಂಡ ಚೆನ್ನಿಗರಾಯನದು. ಲೆಕ್ಕ ಬರೆಯುವುದು ಅವನ ಕೈಲಾಗದ ಕೆಲಸ. ನಂಜಮ್ಮ ತಾನೇ ಕಲಿತು, ಕಾಗದಕ್ಕೆ ಗೆರೆ ಹಾಕಿಕೊಂಡು, ಊರಿನ ಲೆಕ್ಕವನ್ನೆಲ್ಲ ಬರೆಯುತ್ತಾಳೆ. ಅಧಿಕಾರ ಮಾತ್ರ ಗಂಡನ ಹೆಸರಿನಲ್ಲಿ. ಲೆಕ್ಕ ಮುಗಿದರೆ ಮುತ್ತುಗದೆಲೆ ಹಚ್ಚುತ್ತಾಳೆ, ಅದನ್ನು ಮಾರಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಆಮೇಲೆ ಊರಿಗೆ ಪ್ಲೇಗು ಬರುತ್ತದೆ. ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರೂ ಹೋಗುತ್ತಾರೆ. ಕಡೆಗೆ ಅದೇ ಪ್ಲೇಗಿಗೆ ನಂಜಮ್ಮನೂ ಹೋಗುತ್ತಾಳೆ.

1970ರಲ್ಲಿ ಬಂದ ಈ ಕಾದಂಬರಿಯನ್ನು ಬಡತನದ ಕತೆ ಅನ್ನುವವರಿದ್ದಾರೆ, ಹೆಣ್ಣಿನ ತಾಳ್ಮೆಯ ಕತೆ ಅನ್ನುವವರಿದ್ದಾರೆ. ನಾನು ಅದನ್ನು ನಮ್ಮ ಕಡೆಯ ಪ್ಲೇಗಿನ ದಾಖಲೆಯೆಂದೇ ಓದುತ್ತೇನೆ. ಭೈರಪ್ಪನವರು ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ಜಿಲ್ಲೆ ಬೇರೆಯಾದರೂ ನೆಲ ಒಂದೇ, ತೋಟ ಒಂದೇ, ಮಾತು ಒಂದೇ. ತಾಯಿ ಗೌರಮ್ಮನವರನ್ನೂ ಒಡಹುಟ್ಟಿದವರನ್ನೂ ಅವರು ಚಿಕ್ಕಂದಿನಲ್ಲೇ ಪ್ಲೇಗಿಗೆ ಕಳೆದುಕೊಂಡವರು. 1996ರಲ್ಲಿ ಬಂದ ಅವರ ಆತ್ಮಕಥೆ ‘ಭಿತ್ತಿ’ಯನ್ನು ‘ಗೃಹಭಂಗ’ದ ಪಕ್ಕದಲ್ಲಿಟ್ಟು ಓದಿದರೆ ನಂಜಮ್ಮನ ಮುಖದಲ್ಲಿ ಗೌರಮ್ಮನವರ ಮುಖ ಕಾಣುತ್ತದೆ. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ಅವರ ಬಗ್ಗೆ ಎಷ್ಟೋ ಮಾತು ಬಂತು. ನನಗೆ ಮಾತ್ರ ಅವತ್ತು ಅವರಿಗಿಂತ ಹೆಚ್ಚಾಗಿ ಆ ತಾಯಿಯ ನೆನಪೇ ಆಯಿತು. ಮಗ ಬದುಕಿಕೊಂಡ, ಓದಿದ, ಬರೆದ. ಅದರಿಂದ ಅವಳು ನಮಗೆ ಸಿಕ್ಕಳು. ಆ ಕಾಲದಲ್ಲಿ ಬರೆಯುವ ಮಗ ಉಳಿಯದ ತಾಯಂದಿರು ಈ ಸೀಮೆಯಲ್ಲಿ ಎಷ್ಟು ಜನವೋ, ಅವರ ಒಂದು ಮಾತೂ ನಮ್ಮ ಕೈಗೆ ಬಂದಿಲ್ಲ.

ಪ್ಲೇಗು ಮೈಸೂರು ಸಂಸ್ಥಾನದ ಒಳಕ್ಕೆ ಬಂದದ್ದು ರೈಲಿನಲ್ಲಿ. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬಂತು. ಆ ರೈಲು ದಾರಿ ಅರಸೀಕೆರೆ, ತಿಪಟೂರು ದಾಟಿಕೊಂಡೇ ಹೋಗುತ್ತದೆ. ಆಮೇಲೆ ಹತ್ತಾರು ವರ್ಷ ಪ್ಲೇಗು ಹೋಗುವುದು, ಬರುವುದು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡುತ್ತಿದ್ದರು. ತೋಟದಲ್ಲಿ, ಹೊಲದಲ್ಲಿ ಗರಿ ಹೊದಿಸಿದ ಗುಡಿಸಲು ಹಾಕಿಕೊಂಡು ಅಲ್ಲೇ ಒಲೆ ಹೂಡುತ್ತಿದ್ದರು. ನಮ್ಮಜ್ಜಿ ‘ಊರು ಬಿಟ್ಟ ವರ್ಷ’ ಅಂತ ಕಾಲವನ್ನು ಗುರುತು ಹೇಳುತ್ತಿದ್ದಳು. ಯಾವ ಇಸವಿ ಅಂತ ಅವಳಿಗೆ ಗೊತ್ತಿರಲಿಲ್ಲ. ಗುಡಿಸಲಿನಲ್ಲಿ ಯಾರಿಗೆ ಹೆರಿಗೆಯಾಯಿತು, ಯಾರ ಎಮ್ಮೆ ಕಟ್ಟಿದಲ್ಲೇ ಉಳಿದುಹೋಯಿತು ಎಂಬುದೆಲ್ಲ ಗೊತ್ತಿತ್ತು.

ಇನ್ನು ನಮ್ಮ ಕಾಲದ ಮಾತು. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಾಯಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಅದೇ ಊರಿನಲ್ಲಿ 85ನೆಯ ಸಾಹಿತ್ಯ ಸಮ್ಮೇಳನ ನಡೆದಿತ್ತು. ಮುಂದಿನ ಸಮ್ಮೇಳನ ಹಾವೇರಿಯಲ್ಲಿ ಅಂತ ಗೊತ್ತಾಗಿ, ನಮ್ಮ ಜಿಲ್ಲೆಯವರೇ ಆದ ದೊಡ್ಡರಂಗೇಗೌಡರು ಅಧ್ಯಕ್ಷರಾಗಿ, ಅದು ನಡೆದದ್ದು 2023ರ ಜನವರಿಯಲ್ಲಿ. ಅಷ್ಟು ದಿನ ಕನ್ನಡದ ಜನ ಒಂದು ಕಡೆ ಸೇರಲಾಗಲಿಲ್ಲ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬಿತ್ತು. ಅವತ್ತು ಯುಗಾದಿ. ಬೇವು ಬೆಲ್ಲ ತಿಂದು ಹೊರಗೆ ಬಂದರೆ ಬೀದಿಯಲ್ಲಿ ಜನವಿಲ್ಲ.

ನಮ್ಮ ಕಡೆ ಯುಗಾದಿ ಅಂದರೆ ನಾಟಕದ ಕಾಲ. ರಾಗಿ ಒಕ್ಕಣೆ ಮುಗಿದು, ಶಿವರಾತ್ರಿ ಕಳೆದು, ಮುಂಗಾರು ಹಿಡಿಯುವವರೆಗೆ ಊರೂರಲ್ಲಿ ಜಾತ್ರೆ, ಊರೂರಲ್ಲಿ ‘ಕುರುಕ್ಷೇತ್ರ’. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು ಪದ ಕಲಿಸುತ್ತಾರೆ. ಹಗಲೆಲ್ಲ ತೋಟದಲ್ಲಿ ದುಡಿದವನು ರಾತ್ರಿ ಕೃಷ್ಣನಾಗುತ್ತಾನೆ, ದುರ್ಯೋಧನನಾಗುತ್ತಾನೆ. ಪಾತ್ರಕ್ಕೆ ದುಡ್ಡನ್ನೂ ಅವನೇ ಹಾಕುತ್ತಾನೆ. ಆ ವರ್ಷ ಕಲಿತ ಪದವೆಲ್ಲ ಗಂಟಲಲ್ಲೇ ಉಳಿಯಿತು. ನಾನು ಹೇಳಬೇಕೆಂದಿರುವುದು ದ್ರೌಪದಿ, ಕುಂತಿ, ಉತ್ತರೆಯರ ಪಾತ್ರ ಮಾಡುವ ಹೆಣ್ಣುಮಕ್ಕಳ ಮಾತು. ಅವರು ಊರಿನವರಲ್ಲ. ಪೇಟೆಗಳಿಂದ ಬಾಡಿಗೆಗೆ ಬರುವವರು. ಒಂದು ಬೇಸಿಗೆಯಲ್ಲಿ ದುಡಿದದ್ದರಲ್ಲಿ ವರ್ಷವೆಲ್ಲ ಸಂಸಾರ ನಡೆಸುವವರು. ನಾಟಕವಿಲ್ಲದೆ ಎರಡು ಬೇಸಿಗೆ ಹೋಯಿತು. 2021ರಲ್ಲಿ ಸರ್ಕಾರ ಕಲಾವಿದರಿಗೆ ತಲಾ 3000 ರೂಪಾಯಿ ಅಂತ ಘೋಷಿಸಿತು. ಅರ್ಜಿ ಹಾಕುವುದಕ್ಕೆ ಕಲಾವಿದೆ ಎಂಬುದಕ್ಕೆ ಪುರಾವೆ ಬೇಕು. ರಾತ್ರಿ ಬಣ್ಣ ಹಚ್ಚಿ ಬೆಳಗಿನ ಜಾವ ಬಸ್ಸು ಹತ್ತುವವರ ಹತ್ತಿರ ಅಂಥ ಕಾಗದ ಎಲ್ಲಿರುತ್ತದೆ? ಹೆಚ್ಚೆಂದರೆ ಒಂದು ಕರಪತ್ರ ಇದ್ದೀತು. ಅದರಲ್ಲೂ ಗಂಡು ಪಾತ್ರದವರದ್ದು ಫೋಟೊ ಸಮೇತ ದೊಡ್ಡ ಹೆಸರು, ಇವರದ್ದು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ. ಆ ಎರಡು ವರ್ಷ ಅವರು ಹೇಗೆ ಕಳೆದರು ಎಂಬುದನ್ನು ಯಾರಾದರೂ ಅವರ ಬಾಯಿಂದಲೇ ಕೇಳಿ ಬರೆಯಬೇಕು. ಅದು ನಮ್ಮ ರಂಗಭೂಮಿಯ ಚರಿತ್ರೆಗೆ ಸೇರಬೇಕಾದ ಪುಟ.

ತೆಂಗಿನವರಿಗೆ ಒಂದು ಅನುಕೂಲವಿತ್ತು, ಅದನ್ನು ಮರೆಯಬಾರದು. ಹೂವು, ಟೊಮೆಟೊ ಬೆಳೆದವರು ಬೆಳೆಯನ್ನು ಹೊಲದಲ್ಲೇ ಬಿಟ್ಟರು. ನಮ್ಮ ಕಾಯಿ ಅಟ್ಟ ಹತ್ತಿತು. ಉಂಡೆ ಕೊಬ್ಬರಿ ಆಗುವುದಕ್ಕೆ ಕಾಯಿ ಹೇಗೂ ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಇರಬೇಕು. ನೀರು ಇಂಗಿ, ಒಳಗಿನ ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಸದ್ದು ಬರಬೇಕು. ಹಾಗಾಗಿ ಮಾರುಕಟ್ಟೆ ಮುಚ್ಚಿದರೂ ಕಾಯುವ ಶಕ್ತಿ ಅಟ್ಟ ಇದ್ದವರಿಗೆ ಇತ್ತು. ಆದರೆ ದೇವಸ್ಥಾನದ ಬಾಗಿಲು ಹಾಕಿದರೆ, ಮದುವೆಗೆ 50 ಜನ ಮಾತ್ರ ಅಂದರೆ, ಹಸಿ ಕಾಯಿ ಕೊಳ್ಳುವವರು ಯಾರು? 2020ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 10,300 ರೂಪಾಯಿ, ಮರುವರ್ಷ 10,600. ಕಾಯಿ ಕೀಳುವವರು, ಸುಲಿಯುವವರು, ಕೂಲಿಗೆ ಕರಟ ಒಡೆಯುವ ಹೆಂಗಸರು, ಇವರಿಗೆ ಅಟ್ಟವಿರಲಿಲ್ಲ. ಅವರ ಲೆಕ್ಕ ದಿನದ ಲೆಕ್ಕ.

ಈಗ ಬರೆಯುವ ಹೆಂಗಸಿನ ಮಾತು. ನಾನು ಕತೆ ಬರೆಯುವವಳು, ತುರುವೇಕೆರೆ ತಾಲ್ಲೂಕಿನ ಹಳ್ಳಿಯವಳು. ಬೀಗ ಬಿದ್ದ ಮೊದಲ ವಾರ ಪೇಟೆಯ ಲೇಖಕ ಮಿತ್ರರು ಫೋನಿನಲ್ಲಿ, ‘ಈಗ ಬಿಡುವು ಸಿಕ್ಕಿದೆ, ದೊಡ್ಡದೇನಾದರೂ ಬರೆಯಿರಿ’ ಅಂದರು. ಹಳ್ಳಿಮನೆಯಲ್ಲಿ ಹೆಂಗಸಿಗೆ ಬಿಡುವು ಸಿಕ್ಕಿದ್ದು ನಾನು ನೋಡಲಿಲ್ಲ. ಬೆಂಗಳೂರಿನಲ್ಲಿದ್ದ ಮೈದುನನ ಸಂಸಾರ ಊರಿಗೆ ಬಂತು, ನಾದಿನಿಯ ಮಕ್ಕಳು ಬಂದರು. ಎರಡು ಹೊತ್ತಿನ ಒಲೆ ನಾಲ್ಕು ಹೊತ್ತು ಉರಿಯಿತು. ಮನೆಯ ಒಂದೇ ಒಳ್ಳೆಯ ಫೋನು ಮಕ್ಕಳ ಪಾಠಕ್ಕೆ ಹೋಯಿತು. ಜುಲೈನಿಂದ ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠ ಶುರುವಾದಾಗ ಟೀವಿಯ ಮುಂದೆ ಅವರೇ. ಆಮೇಲೆ ‘ವಿದ್ಯಾಗಮ’ ಬಂತು, ದೇವಸ್ಥಾನದ ಜಗಲಿಯಲ್ಲಿ, ಮರದ ಕೆಳಗೆ ಮೇಷ್ಟ್ರು ಪಾಠ ಹೇಳಿದರು. ಅದೂ ಅಕ್ಟೋಬರಿನಲ್ಲಿ ನಿಂತಿತು. ಇಷ್ಟರ ನಡುವೆ ಕತೆ ಹೆಣೆಯುವುದಕ್ಕೆ ಬೇಕಾದ ಉದ್ದನೆಯ ಹೊತ್ತು ಸಿಗಲಿಲ್ಲ. ಸಿಕ್ಕದ್ದು ತುಂಡು ಹೊತ್ತು. ಆ ತುಂಡು ಹೊತ್ತಿನಲ್ಲಿ ಆಗುವ ಕೆಲಸ ಅಂದರೆ ಕೇಳಿದ್ದನ್ನು ಬರೆದಿಟ್ಟುಕೊಳ್ಳುವುದು.

ಕೇಳುವುದಕ್ಕೆ ಪಕ್ಕದ ಮನೆಯಲ್ಲೇ ಒಬ್ಬರು ಅಜ್ಜಿ ಇದ್ದರು. ಸೋಬಾನೆ ಪದದಲ್ಲಿ ಸುತ್ತಮುತ್ತ ಹೆಸರಾದವರು. ಕಲ್ಯಾಣ ಮಂಟಪ ಬಂದ ಮೇಲೆ, ಆರ್ಕೆಸ್ಟ್ರಾದವರು ಬಂದ ಮೇಲೆ ಅವರನ್ನು ಯಾರೂ ಹಾಡಿಗೆ ಕರೆಯುತ್ತಿರಲಿಲ್ಲ. 2020ರ ಜೂನಿನಲ್ಲಿ ನಮ್ಮ ಬೀದಿಯಲ್ಲಿ ಒಂದು ಮದುವೆ. ಮಂಟಪವಿಲ್ಲ, ವಾಲಗದವರು ಇಬ್ಬರೇ. ಮನೆ ಮುಂದೆ ಗರಿ ಚಪ್ಪರ. ಎಷ್ಟೋ ವರ್ಷದ ಮೇಲೆ ಮನೆ ಮುಂದೆ ಚಪ್ಪರ ಕಂಡು ಅಜ್ಜಿ ಯಾರೂ ಕರೆಯದೆ ತಾವೇ ಬಂದು ಗೋಡೆಗೆ ಒರಗಿ ಕೂತರು. ಅರಿಶಿನ ಹಚ್ಚುವಾಗ ಪದ ಎತ್ತಿಕೊಂಡರು. ಇನ್ನಿಬ್ಬರು ಮುದುಕಿಯರು ದನಿ ಸೇರಿಸಿದರು. ಹಸೆಗೆ ಕರೆಯುವ ಪದ, ಬೀಗರನ್ನು ಹೀಯಾಳಿಸುವ ಪದ, ಹೆಣ್ಣು ಒಪ್ಪಿಸುವ ಪದ, ಒಂದರ ಹಿಂದೆ ಒಂದು.

ಅದರಲ್ಲಿ ನೆಂಟರನ್ನು ಹೆಸರು ಹಿಡಿದು ಕರೆಯುವ ಒಂದು ಪದವಿದೆ. ಬಂದವರ ಹೆಸರು, ಅವರ ಊರಿನ ಹೆಸರು ಸೇರಿಸುತ್ತಾ ಪದ ಬೆಳೆಯುತ್ತದೆ. ಅವತ್ತು ಅಜ್ಜಿ ಚಪ್ಪರದಲ್ಲಿದ್ದವರನ್ನು ಬಿಟ್ಟು ಬರಲಾರದವರನ್ನು ಕರೆದರು. ಹುಳಿಯಾರಿನ ಸೋದರತ್ತೆ, ಶೆಟ್ಟಿಕೆರೆಯ ದೊಡ್ಡಮ್ಮ, ನೊಣವಿನಕೆರೆಯ ಅಳಿಯ, ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿ ಸಿಕ್ಕಿಕೊಂಡ ತಮ್ಮ. ಐವತ್ತು ಜನದ ಪಟ್ಟಿಯಿಂದ ಹೊರಗುಳಿದ ಒಬ್ಬೊಬ್ಬರನ್ನೂ ಪದದೊಳಕ್ಕೆ ತಂದು ಕೂರಿಸಿದರು. ಮದುಮಗಳ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಹಳೆಯ ಅಚ್ಚಿನಲ್ಲಿ ಅಷ್ಟು ಹೊಸದನ್ನು, ಅಷ್ಟು ನಿಜವಾದದ್ದನ್ನು ಕೂತಲ್ಲೇ ಕಟ್ಟಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಆ ಎರಡು ವರ್ಷದಲ್ಲಿ ಬಂದ ಕೊರೊನಾ ಕವಿತೆಗಳನ್ನು ನಾನೂ ಓದಿದ್ದೇನೆ. ಅಜ್ಜಿಯ ಆ ಪದಕ್ಕೆ ಸಮನಾದದ್ದು ಅವುಗಳಲ್ಲಿ ಸಿಕ್ಕಲಿಲ್ಲವೆಂದು ಧೈರ್ಯವಾಗಿ ಹೇಳುತ್ತೇನೆ.

ಮದುವೆ ಆದಮೇಲೆ ಸಂಜೆ ಹೊತ್ತು ನಾನು ಪುಸ್ತಕ ಹಿಡಿದು ಅವರ ಜಗಲಿಗೆ ಹೋಗುತ್ತಿದ್ದೆ. ನಾನು ಒಂದು ಕಡೆ, ಅವರು ಇನ್ನೊಂದು ಕಡೆ, ನಡುವೆ ಕಂಬ. ‘ಏನವ್ವಾ, ಇದ್ನೆಲ್ಲ ಬರ್ಕಂಡು ಏನ್ಮಾಡ್ತೀಯ?’ ಅಂದರು ಮೊದಲ ದಿನ. ‘ಉಳೀಲಿ ಅಂತ ಅಜ್ಜಿ’ ಅಂದೆ. ‘ಹಾಡೋರು ಇದ್ರೆ ತಾನೇ ಉಳಿಯೋದು’ ಅಂದರು. ನಿಧಾನ ಮಾಡಿ ಅಂತ ಕೇಳಿದರೆ ಒಪ್ಪುತ್ತಿರಲಿಲ್ಲ. ‘ನಿಲ್ಸುದ್ರೆ ಪದ ಮರ್ತೋಗ್ತದೆ ಕಣವ್ವ. ನಾನು ಹೇಳ್ತಾ ಹೋಗ್ತೀನಿ, ನೀನು ಹಿಡ್ಕಂಡಷ್ಟು ಹಿಡ್ಕ.’ ನಿಜವೇ. ಸಾಲು ನೆನಪಿರುವುದು ದಾಟಿಯಲ್ಲಿ. ದಾಟಿ ತುಂಡಾದರೆ ಮುಂದಿನ ಸಾಲು ಬಾರದು. ಹಾಗಾಗಿ ನನ್ನ ಪುಸ್ತಕದಲ್ಲಿ ಅರ್ಧ ಸಾಲು, ಮೊದಲಕ್ಷರ, ಚುಕ್ಕಿ ಚುಕ್ಕಿ. ಮನೆಗೆ ಬಂದು ದೀಪದ ಕೆಳಗೆ ಕೂತು ತುಂಬಿಸುವುದು, ಮಾರನೆಯ ದಿನ ಓದಿ ಹೇಳುವುದು, ಅವರು ತಿದ್ದುವುದು. ಪದ ಯಾರಿಂದ ಕಲಿತದ್ದು ಎಂಬುದನ್ನೂ ಹೇಳುತ್ತಿದ್ದರು. ಹೆಚ್ಚಿನವು ಅತ್ತೆಯಿಂದ, ಕರಟ ಒಡೆಯುತ್ತಾ ಕೂತಾಗ. ಆ ಅತ್ತೆ ಕಲಿತದ್ದು ಊರು ಬಿಟ್ಟು ತೋಟದಲ್ಲಿದ್ದಾಗ ಪಕ್ಕದ ಗುಡಿಸಲಿನ ಬೇರೆ ಜಾತಿಯ ಹೆಂಗಸಿನಿಂದ. ಪ್ಲೇಗು ತಂದ ನೆರೆಹೊರೆಯಲ್ಲಿ ಪದ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿದೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂತು. 27ರಿಂದ ಮತ್ತೆ ಕರ್ಫ್ಯೂ. ಮೊದಲ ವರ್ಷ ಪೇಟೆಯ ಕಾಯಿಲೆ ಅಂದುಕೊಂಡಿದ್ದು ಈ ಸಲ ಹಳ್ಳಿಯ ಒಳಬೀದಿಗೇ ಬಂತು. ದಿನವೂ ಸಾವಿನ ಸುದ್ದಿ. ನಿಘಂಟಿನ ಜಿ. ವೆಂಕಟಸುಬ್ಬಯ್ಯನವರು ಏಪ್ರಿಲ್ 19ರಂದು ಹೋದರು, ಕವಿ ಸಿದ್ಧಲಿಂಗಯ್ಯನವರು ಜೂನ್ 11ರಂದು. ಶ್ರದ್ಧಾಂಜಲಿ ಸಭೆಗಳೆಲ್ಲ ಫೋನಿನೊಳಗೆ ನಡೆದವು. ಮಾತಾಡುವವರ ದನಿ ನೆಟ್‌ವರ್ಕಿನಲ್ಲಿ ಕಡಿದು ಕಡಿದು ಬರುತ್ತಿತ್ತು. ಮೇ ತಿಂಗಳಲ್ಲಿ ಪಕ್ಕದ ಮನೆಯ ಅಜ್ಜಿಯೂ ಹೋದರು. ಪದ ಹೇಳಿ ಎಷ್ಟೋ ಮನೆಯ ಶುಭಕಾರ್ಯ ನಡೆಸಿಕೊಟ್ಟವರನ್ನು ಮಣ್ಣು ಮಾಡುವಾಗ ಪಕ್ಕದಲ್ಲಿ ನಿಂತು ಅಳುವುದಕ್ಕೆ ಹೆಂಗಸರು ಹೋಗುವ ಹಾಗಿರಲಿಲ್ಲ. ಹೆಣ್ಣು ಒಪ್ಪಿಸುವ ಪದದ ಉದ್ದನೆಯ ಪಾಠವೊಂದು ಅವರ ಹತ್ತಿರ ಇತ್ತು. ಅದು ನನ್ನ ಪುಸ್ತಕದಲ್ಲಿ ಅರ್ಧಕ್ಕೆ ನಿಂತಿದೆ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟವರು ಬಹಳ ದೂರದ ಒಬ್ಬ ಹೆಣ್ಣುಮಗಳು. ಮೆಕ್ಸಿಕೊ ದೇಶದ ಕವಯಿತ್ರಿ ಸೋರ್ ಹ್ವಾನಾ. ಹದಿನೇಳನೆಯ ಶತಮಾನದವರು. ಓದುವುದಕ್ಕೆ ಬಿಡುವು ಬೇಕೆಂದೇ ಮದುವೆ ಬೇಡವೆಂದು ಕ್ರೈಸ್ತ ಸನ್ಯಾಸಿನಿಯರ ಮಠ ಸೇರಿದರು. ಹುಡುಗಿಯಾಗಿದ್ದಾಗ ಒಂದು ಪಾಠಕ್ಕೆ ಗಡುವು ಇಟ್ಟುಕೊಂಡು ಕೂದಲು ಕತ್ತರಿಸಿಕೊಳ್ಳುತ್ತಿದ್ದರಂತೆ. ಕೂದಲು ಬೆಳೆದರೂ ಪಾಠ ಬಾರದಿದ್ದರೆ ಮತ್ತೆ ಕತ್ತರಿ. 1691ರಲ್ಲಿ ಅವರು ಬರೆದ ಒಂದು ದೀರ್ಘ ಪತ್ರ ಹೆಣ್ಣಿಗೂ ಓದುವ ಹಕ್ಕುಂಟು ಎಂದು ವಾದಿಸುತ್ತದೆ. ಪುಸ್ತಕ ಕಿತ್ತುಕೊಂಡಾಗ ಅಡುಗೆಮನೆಯಲ್ಲಿ ಮೊಟ್ಟೆ, ಎಣ್ಣೆ, ಸಕ್ಕರೆ ಪಾಕ ನೋಡಿ ನೋಡಿಯೇ ಪ್ರಕೃತಿಯ ಗುಟ್ಟು ಕಲಿತೆ ಎಂದು ಅದರಲ್ಲಿ ಹೇಳಿದ್ದಾರೆ. ಚರ್ಚಿನ ಹಬ್ಬಗಳಲ್ಲಿ ಜನ ಹಾಡುವುದಕ್ಕೆ ಪದ ಕಟ್ಟಿಕೊಟ್ಟರು. ಅವುಗಳಲ್ಲಿ ಅಲ್ಲಿನ ಮೂಲನಿವಾಸಿಗಳ ನುಡಿಯನ್ನೂ ಆಫ್ರಿಕದಿಂದ ತಂದ ಗುಲಾಮರ ಮಾತನ್ನೂ ಸೇರಿಸಿದರು. ಕಡೆಗಾಲದಲ್ಲಿ ಪುಸ್ತಕಗಳನ್ನು ಬಿಟ್ಟುಕೊಟ್ಟರು ಎನ್ನುತ್ತಾರೆ. 1695ರಲ್ಲಿ ಮಠಕ್ಕೆ ಸಾಂಕ್ರಾಮಿಕ ಬಂದಾಗ ಕಾಯಿಲೆ ಬಿದ್ದ ಜೊತೆಗಾತಿಯರ ಸೇವೆ ಮಾಡುತ್ತಾ ತಾವೂ ಅದಕ್ಕೆ ಸಿಕ್ಕಿ ಏಪ್ರಿಲ್ 17ರಂದು ತೀರಿಕೊಂಡರು.

ಸೋರ್ ಹ್ವಾನಾ ನಮಗೆ ಸಿಕ್ಕಿರುವುದು ಅವರೇ ಬರೆದದ್ದರಿಂದ, ಅದು ಅಚ್ಚಾದದ್ದರಿಂದ. ನಮ್ಮ ಸೀಮೆಯ ಬರಹಗಾರರು ಯಾರು ಎಂದರೆ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರ ಹೆಸರು ಬಾಯಿಗೆ ಬರುತ್ತದೆ, ಸಾ.ಶಿ. ಮರುಳಯ್ಯನವರ ಹೆಸರು ಬರುತ್ತದೆ. ಹೆಮ್ಮೆಯ ಹೆಸರುಗಳೇ. ಹೆಂಗಸಿನ ಹೆಸರು ಮಾತ್ರ ಅಷ್ಟು ಸಲೀಸಾಗಿ ಬರುವುದಿಲ್ಲ. ತಿಪಟೂರಿನ ಪಕ್ಕದ ದಸರೀಘಟ್ಟದಲ್ಲಿ ಚೌಡೇಶ್ವರಿ ಭಕ್ತರ ಪ್ರಶ್ನೆ ಕೇಳಿ ಕನ್ನಡ ಅಕ್ಷರದಲ್ಲೇ ಉತ್ತರ ಬರೆಯುತ್ತಾಳೆ ಎಂದು ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಬರೆಯುವ ದೇವಿಗೆ ಕೈ ಮುಗಿಯುವ ಸೀಮೆ ಇದು. ಇಲ್ಲಿನ ಹೆಣ್ಣುಮಕ್ಕಳು ಬರೆದದ್ದಕ್ಕೂ ಆ ಗೌರವ ಸಿಗಬೇಕೆಂದು ನನ್ನ ಆಸೆ.

ಬರೆದಿಲ್ಲವೆಂದೂ ಹೇಳುವ ಹಾಗಿಲ್ಲ. ನಮ್ಮ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಆ ಎರಡು ವರ್ಷದ ಪುಸ್ತಕಗಳಿವೆ. ಯಾವ ಮನೆಗೆ ಯಾವ ಊರಿಂದ ಯಾರು ಬಂದರು, ಯಾರಿಗೆ ಜ್ವರ, ಯಾರು ಬಸುರಿ, ಯಾರು ಬಾಗಿಲು ತೆಗೆಯಲಿಲ್ಲ, ಎಲ್ಲ ಇದೆ. 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಅವರು ಬರೆದ ಆ ಪುಸ್ತಕಗಳು ಮುಂದೆ ಈ ಊರುಗಳ ಚರಿತ್ರೆ ಬರೆಯುವವರಿಗೆ ಯಾವ ಕಾದಂಬರಿಗೂ ಕಡಿಮೆಯಲ್ಲ. ಸ್ತ್ರೀಶಕ್ತಿ ಸಂಘಗಳ ನಡಾವಳಿ ಪುಸ್ತಕ ತೆಗೆದು ನೋಡಿ. ಮಾಸ್ಕು ಹೊಲಿದ ಲೆಕ್ಕ, ಸಾಲದ ಕಂತು ಮುಂದಕ್ಕೆ ಹಾಕಿದ ನಿರ್ಣಯ, ಕೆಳಗೆ ಒಬ್ಬೊಬ್ಬರ ಸಹಿ, ಹೆಬ್ಬೆಟ್ಟು. ಇಂಥವನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಗೆದ್ದಲು ಹತ್ತದ ಕಡೆ ಇಡಿ. ನಿಮ್ಮ ತಾಲ್ಲೂಕಿನ ಗ್ರಂಥಾಲಯದವರನ್ನೋ ಕಾಲೇಜಿನ ಕನ್ನಡ ಮೇಷ್ಟ್ರನ್ನೋ ಕೇಳಿ, ನಕಲು ತೆಗೆಸಿ ಒಂದು ಪ್ರತಿ ಅಲ್ಲಿಡಿ. ಆ ವರ್ಷಗಳ ನೆನಪು ಇರುವವರು ಒಂದು ಪುಟವಾದರೂ ಬರೆಯಿರಿ. ತಿಂಗಳು, ಊರು, ಅವತ್ತು ಕಾಯಿಗೆ ಎಷ್ಟು ರೂಪಾಯಿ, ಮನೆಯಲ್ಲಿ ಯಾರ್ಯಾರಿದ್ದರು, ಇಷ್ಟಿದ್ದರೂ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಅಜ್ಜಿಯ ಜೊತೆ ದನಿ ಸೇರಿಸುತ್ತಿದ್ದ ಇಬ್ಬರಲ್ಲಿ ಒಬ್ಬರು ಈಗಲೂ ಊರಲ್ಲಿದ್ದಾರೆ, ಕಿವಿ ಮಂದ. ಇನ್ನೊಬ್ಬರು ಹುಳಿಯಾರಿನಲ್ಲಿ ಮಗಳ ಮನೆ ಸೇರಿದ್ದಾರೆ. ಹೆಣ್ಣು ಒಪ್ಪಿಸುವ ಆ ಪದದ ಮಿಕ್ಕ ಅರ್ಧ ಅವರಿಗೆ ಬರುತ್ತದಂತೆ. ಗೌರಿ ಹಬ್ಬಕ್ಕೆ ಊರಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದಾರೆ. ಈ ಸಲ ಪಕ್ಕದ ಮನೆಯ ಕಾಲೇಜು ಹುಡುಗಿ ಫೋನು ಹಿಡಿದು ಧ್ವನಿ ಮುದ್ರಿಸಿಕೊಳ್ಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ದಾಟಿಯನ್ನು ನಾವಿಬ್ಬರೂ ಕಲಿಯಬೇಕು ಎಂದು ಮಾತಾಡಿಕೊಂಡಿದ್ದೇವೆ.